ವಿದ್ಯುತ್ಕಾಂತೀಯ ಅತಿಸಂವೇದನೆ

ವಿದ್ಯುತ್ಕಾಂತೀಯ ಅತಿಸಂವೇದನೆ ಎಂಬುದು ಮೊಬೈಲ್ ಫೋನ್, ಮೊಬೈಲ್ ಟವರ್, ವೈ-ಫೈ, ವಿದ್ಯುತ್ ತಂತಿ, ಕಂಪ್ಯೂಟರ್ ಪರದೆ ಮೊದಲಾದವುಗಳಿಂದ ಹೊಮ್ಮುವ ವಿದ್ಯುತ್ಕಾಂತೀಯ ಕ್ಷೇತ್ರಗಳೇ ತಮ್ಮ ತಲೆನೋವು, ನಿದ್ರಾಹೀನತೆ, ಆಯಾಸ, ಚರ್ಮದ ಉರಿ ಮುಂತಾದ ತೊಂದರೆಗಳಿಗೆ ಕಾರಣವೆಂದು ಕೆಲವರು ವರದಿ ಮಾಡುವ ಸ್ಥಿತಿಯಾಗಿದೆ. ಈ ತೊಂದರೆಗಳನ್ನು ಅನುಭವಿಸುವವರ ಸಂಕಟ ನಿಜವಾದುದು. ಕೆಲವರಲ್ಲಿ ಅದು ಉದ್ಯೋಗವನ್ನು ಬಿಡುವಷ್ಟು, ಮನೆಯನ್ನು ಬದಲಾಯಿಸುವಷ್ಟು ತೀವ್ರವಾಗಿರುತ್ತದೆ. ಆದರೆ ಸಂಕೇತ ಇದೆಯೋ ಇಲ್ಲವೋ ಎಂಬುದನ್ನು ಮರೆಮಾಡಿ ನಡೆಸಿದ ಪ್ರಯೋಗಗಳಲ್ಲಿ, ಅತಿಸಂವೇದನೆಯುಳ್ಳವರೆಂದು ಹೇಳಿಕೊಂಡವರು ಸಂಕೇತದ ಇರುವಿಕೆಯನ್ನು ಗುರುತಿಸಲು ಸಮರ್ಥರಾಗಿಲ್ಲ. ನಿಜವಾದ ಸಂಕೇತಕ್ಕೂ ಹುಸಿ ಸಂಕೇತಕ್ಕೂ ಅವರಲ್ಲಿ ಕಾಣಿಸಿಕೊಂಡ ತೊಂದರೆಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು.

ವಿಶ್ವ ಆರೋಗ್ಯ ಸಂಸ್ಥೆಯು 2005ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಮಾಹಿತಿಪತ್ರದ ಪ್ರಕಾರ ಇದು ವೈದ್ಯಕೀಯವಾಗಿ ನಿರ್ಧರಿಸಲ್ಪಟ್ಟ ರೋಗವಲ್ಲ. ಇದನ್ನು ಪತ್ತೆಹಚ್ಚಲು ಸ್ಪಷ್ಟವಾದ ಮಾನದಂಡಗಳಿಲ್ಲ. ಲಕ್ಷಣಗಳನ್ನು ವಿದ್ಯುತ್ಕಾಂತೀಯ ಕ್ಷೇತ್ರಗಳೊಂದಿಗೆ ಜೋಡಿಸಲು ವೈಜ್ಞಾನಿಕ ಆಧಾರವೂ ಇಲ್ಲ. ಅದೇ ಮಾಹಿತಿಪತ್ರವು ಲಕ್ಷಣಗಳು ನಿಜವಾದವೆಂದೂ ಅವು ವ್ಯಕ್ತಿಯನ್ನು ಅಸಮರ್ಥಗೊಳಿಸುವಷ್ಟು ತೀವ್ರವಾಗಬಲ್ಲವೆಂದೂ ಒಪ್ಪಿಕೊಂಡಿದೆ.

ಹೆಸರು

'ವಿದ್ಯುತ್ಕಾಂತೀಯ ಅತಿಸಂವೇದನೆ' ಎಂಬ ಹೆಸರು ಕಾರಣವನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ ಎಂಬ ಆಕ್ಷೇಪವಿದೆ. 2004ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಾಗ್ ನಗರದಲ್ಲಿ ನಡೆಸಿದ ಕಾರ್ಯಾಗಾರದಲ್ಲಿ 'ವಿದ್ಯುತ್ಕಾಂತೀಯ ಕ್ಷೇತ್ರಗಳಿಗೆ ಆರೋಪಿಸಲಾದ, ಕಾರಣ ತಿಳಿಯದ ಪರಿಸರ ಅಸಹಿಷ್ಣುತೆ' ಎಂಬರ್ಥದ ಹೆಸರನ್ನು ಸೂಚಿಸಲಾಯಿತು. ಇಲ್ಲಿ 'ಆರೋಪಿಸಲಾದ' ಎಂಬ ಪದ ಮುಖ್ಯವಾದುದು. ತೊಂದರೆ ಇದೆ ಎಂಬುದು ಅವಲೋಕನ. ಅದು ಇಂಥದರಿಂದ ಬಂದಿತು ಎಂಬುದು ಪರೀಕ್ಷೆಗೊಳಪಡಬೇಕಾದ ಊಹೆ. ಆದರೂ ಹಳೆಯ ಹೆಸರೇ ಬಳಕೆಯಲ್ಲಿ ಉಳಿದಿದೆ.

ಲಕ್ಷಣಗಳು

ವರದಿಯಾಗುವ ಲಕ್ಷಣಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಗುತ್ತದೆ.

ಚರ್ಮಕ್ಕೆ ಸಂಬಂಧಿಸಿದವು: ಮುಖ ಕೆಂಪಾಗುವುದು, ಜುಮ್ಮೆನ್ನುವುದು, ಉರಿಯುವುದು.

ದೇಹದ ಇತರ ಭಾಗಗಳಿಗೆ ಸಂಬಂಧಿಸಿದವು: ತಲೆನೋವು, ಆಯಾಸ, ನಿದ್ರೆ ಬಾರದಿರುವುದು, ಏಕಾಗ್ರತೆಯ ಕೊರತೆ, ತಲೆಸುತ್ತು, ವಾಕರಿಕೆ, ಎದೆಬಡಿತದ ಏರುಪೇರು, ಜೀರ್ಣಕ್ರಿಯೆಯ ತೊಂದರೆ.

ಈ ಲಕ್ಷಣಗಳಲ್ಲಿ ಯಾವುದೂ ಈ ಸ್ಥಿತಿಗೇ ವಿಶಿಷ್ಟವಾದುದಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಅರೆತಲೆನೋವು, ಬಿ12 ಜೀವಸತ್ವದ ಕೊರತೆ, ನಿದ್ರೆಯಲ್ಲಿ ಉಸಿರಾಟದ ತಡೆ, ಆತಂಕ, ಖಿನ್ನತೆ ಮುಂತಾದ ಅನೇಕ ಸ್ಥಿತಿಗಳಲ್ಲಿ ಇವೇ ಲಕ್ಷಣಗಳು ಕಂಡುಬರುತ್ತವೆ. ಲಕ್ಷಣಗಳು ಮತ್ತು ಅವುಗಳ ತೀವ್ರತೆ ವ್ಯಕ್ತಿಯಿಂದ ವ್ಯಕ್ತಿಗೆ ಬಹಳವಾಗಿ ಬೇರೆಯಾಗಿರುವುದರಿಂದ ಒಂದು ನಿಶ್ಚಿತ ರೋಗಚಿತ್ರ ರೂಪುಗೊಂಡಿಲ್ಲ.

ವ್ಯಾಪ್ತಿ

ಸಮೀಕ್ಷೆಗಳಲ್ಲಿ ಜನರು ತಾವೇ ಹೇಳಿಕೊಂಡ ಪ್ರಮಾಣವು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸ್ವೀಡನ್‌ನ ಸ್ಟಾಕ್‌ಹೋಮ್ ಪ್ರದೇಶದಲ್ಲಿ ಶೇಕಡಾ 1.5, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಶೇಕಡಾ 3.2, ಬ್ರಿಟನ್‌ನಲ್ಲಿ ಶೇಕಡಾ 4, ಸ್ವಿಟ್ಜರ್ಲೆಂಡಿನಲ್ಲಿ ಶೇಕಡಾ 5, ತೈವಾನ್‌ನಲ್ಲಿ ಶೇಕಡಾ 13.3ರಷ್ಟು ಜನ ಇಂಥ ಸಂವೇದನೆ ತಮಗಿದೆಯೆಂದು ತಿಳಿಸಿದ್ದಾರೆ. ಫ್ರಾನ್ಸಿನ ಆಹಾರ, ಪರಿಸರ ಮತ್ತು ಔದ್ಯೋಗಿಕ ಆರೋಗ್ಯ ಸುರಕ್ಷತಾ ಸಂಸ್ಥೆಯು 2018ರ ವರದಿಯಲ್ಲಿ ಅಲ್ಲಿನ ಪ್ರಮಾಣ ಸುಮಾರು ಶೇಕಡಾ 5 ಎಂದು ಅಂದಾಜಿಸಿತು. ಪ್ರಶ್ನೆಯನ್ನು ಕೇಳುವ ರೀತಿಯೂ ಆಯಾ ಸಮಾಜದಲ್ಲಿ ಈ ವಿಷಯದ ಬಗೆಗಿರುವ ಚರ್ಚೆಯೂ ಇಂಥ ಉತ್ತರಗಳ ಮೇಲೆ ಪ್ರಭಾವ ಬೀರುವುದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸುವುದು ಕಷ್ಟ.

ಇತಿಹಾಸ

ರೇಡಾರ್ ಮತ್ತು ರೇಡಿಯೊ ಉಪಕರಣಗಳ ಬಳಿ ದುಡಿಯುವವರಲ್ಲಿ ತಲೆನೋವು, ಆಯಾಸ ಮುಂತಾದವು ಕಾಣಿಸಿಕೊಳ್ಳುತ್ತವೆಂದು ಹಿಂದಿನ ಸೋವಿಯತ್ ಒಕ್ಕೂಟದ ವೈದ್ಯರು ವರದಿ ಮಾಡಿದ್ದರು. 1980ರ ದಶಕದಲ್ಲಿ ಸ್ವೀಡನ್ ಮತ್ತು ನಾರ್ವೆ ದೇಶಗಳ ಕಚೇರಿಗಳಿಗೆ ಕಂಪ್ಯೂಟರ್ ಪರದೆಗಳು ಬಂದಾಗ, ಅವುಗಳ ಮುಂದೆ ಕುಳಿತು ಕೆಲಸ ಮಾಡುವವರಲ್ಲಿ ಮುಖದ ಚರ್ಮ ಕೆಂಪಾಗುವ ದೂರುಗಳು ಹೆಚ್ಚಿದವು. ಮೊದಲಿಗೆ ಪರದೆಗಷ್ಟೇ ಸೀಮಿತವಾಗಿದ್ದ ದೂರು ಮುಂದೆ ಇತರ ವಿದ್ಯುತ್ ಉಪಕರಣಗಳಿಗೂ, 1990ರ ದಶಕದಲ್ಲಿ ಮೊಬೈಲ್ ಫೋನ್‌ಗಳಿಗೂ, ನಂತರ ವೈ-ಫೈಗೂ ವಿಸ್ತರಿಸಿತು. ಐರೋಪ್ಯ ಆಯೋಗಕ್ಕಾಗಿ 1997ರಲ್ಲಿ ಸಿದ್ಧಪಡಿಸಲಾದ ವರದಿಯೊಂದು ಈ ವಿಷಯವನ್ನು ಅಂತಾರಾಷ್ಟ್ರೀಯ ಚರ್ಚೆಗೆ ತಂದಿತು.

2002ರಲ್ಲಿ, ಆಗ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರು ಮೊಬೈಲ್ ಫೋನ್‌ಗಳಿಂದ ತಮಗೆ ತಲೆನೋವು ಬರುತ್ತದೆಂದು ಬಹಿರಂಗವಾಗಿ ಹೇಳಿದರು. ವೈದ್ಯೆಯೂ ನಾರ್ವೆಯ ಮಾಜಿ ಪ್ರಧಾನಿಯೂ ಆಗಿದ್ದ ಅವರ ಈ ಮಾತು ವ್ಯಾಪಕ ಪ್ರಚಾರ ಪಡೆಯಿತು.

ಮೊಬೈಲ್ ಸಂಕೇತದ ಸ್ವರೂಪ

ಮೊಬೈಲ್ ಫೋನ್ ಮತ್ತು ಟವರ್‌ಗಳ ನಡುವೆ ಸಂದೇಶವನ್ನು ಹೊತ್ತೊಯ್ಯುವುದು ರೇಡಿಯೊ ತರಂಗ. ಭಾರತದಲ್ಲಿ 900 ಮತ್ತು 1800 ಮೆಗಾಹರ್ಟ್ಸ್ ಆವರ್ತನಗಳು ಮೊದಲಿನಿಂದ ಬಳಕೆಯಲ್ಲಿವೆ. 3ಜಿ, 4ಜಿ, 5ಜಿ ಸೇವೆಗಳೊಂದಿಗೆ ಇತರ ಆವರ್ತನಗಳೂ ಸೇರಿಕೊಂಡಿವೆ. ಇವೆಲ್ಲವೂ ಅಯಾನೀಕರಿಸದ ವಿಕಿರಣದ ವರ್ಗಕ್ಕೆ ಸೇರುತ್ತವೆ. ಕ್ಷ-ಕಿರಣದಂತೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ ಶಕ್ತಿ ಇವಕ್ಕಿಲ್ಲ. 900 ಮೆಗಾಹರ್ಟ್ಸ್ ತರಂಗದ ಒಂದು ಫೋಟಾನಿನ ಶಕ್ತಿಯು ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿನ ಶಕ್ತಿಗಿಂತ ಹಲವು ಲಕ್ಷ ಪಟ್ಟು ಕಡಿಮೆ. ಪ್ರಬಲವಾದ ರೇಡಿಯೊ ತರಂಗವು ಅಂಗಾಂಶವನ್ನು ಬಿಸಿಯಾಗಿಸಬಲ್ಲದು. ಸುರಕ್ಷತಾ ಮಿತಿಗಳನ್ನು ರೂಪಿಸುವುದು ಈ ಸ್ಥಾಪಿತ ಪರಿಣಾಮವನ್ನು ಗಮನದಲ್ಲಿಟ್ಟುಕೊಂಡು.

ಟವರ್‌ನಿಂದ ದೂರ ಸರಿದಂತೆ ತರಂಗದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ತಡೆಯಿಲ್ಲದ ಬಯಲಿನಲ್ಲಿ ಎರಡರಷ್ಟು ದೂರ ಹೋದರೆ ತೀವ್ರತೆ ನಾಲ್ಕನೆಯ ಒಂದು ಭಾಗವಾಗುತ್ತದೆ. ಹತ್ತರಷ್ಟು ದೂರದಲ್ಲಿ ನೂರನೆಯ ಒಂದು ಭಾಗವಾಗುತ್ತದೆ. ಟವರ್‌ನ ಆಂಟೆನಾಗಳು ಸಂಕೇತವನ್ನು ಬಹುಮಟ್ಟಿಗೆ ಅಡ್ಡಲಾಗಿ, ನೆಲದತ್ತ ತುಸುವೇ ಬಾಗಿದ ಕಿರಣವಾಗಿ ಕಳುಹಿಸುವುದರಿಂದ, ಟವರ್‌ನ ನೇರ ಕೆಳಗಿನ ನೆಲದಲ್ಲಿ ಸಂಕೇತ ಸಾಮಾನ್ಯವಾಗಿ ದುರ್ಬಲವಾಗಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿಗೂ ಒಪ್ಪುತ್ತದೆ.

ಕಿವಿಗೆ ತಾಗಿಸಿ ಹಿಡಿದ ಫೋನಿನಿಂದ ತಲೆಗೆ ತಲುಪುವ ಶಕ್ತಿಯು ದೂರದ ಟವರ್‌ನಿಂದ ತಲುಪುವ ಶಕ್ತಿಗಿಂತ ಸಾಮಾನ್ಯವಾಗಿ ಬಹಳ ಹೆಚ್ಚು. ಫೋನು ತನ್ನ ಪ್ರಸಾರ ಶಕ್ತಿಯನ್ನು ತಾನೇ ಹೊಂದಿಸಿಕೊಳ್ಳುತ್ತದೆ: ಟವರ್ ಹತ್ತಿರವಿದ್ದರೆ ಕಡಿಮೆ ಶಕ್ತಿಯಲ್ಲಿ, ಸಂಕೇತ ಕ್ಷೀಣವಾಗಿದ್ದರೆ ಹೆಚ್ಚಿನ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಊರಿನ ಟವರನ್ನು ತೆಗೆಸಿದರೆ ಫೋನ್ ಬಳಸುವವರ ತಲೆಗೆ ತಲುಪುವ ತರಂಗಗಳು ಕಡಿಮೆಯಾಗುವ ಬದಲು ಹೆಚ್ಚಾಗುವ ಸಾಧ್ಯತೆಯಿದೆ.

ಪ್ರಯೋಗಗಳು

ವಿಧಾನ

ಸಂಕೇತವೇ ತೊಂದರೆಗೆ ಕಾರಣವೋ ಎಂಬುದನ್ನು ತಿಳಿಯಲು ಬಳಸುವ ಮುಖ್ಯ ವಿಧಾನ 'ಡಬಲ್ ಬ್ಲೈಂಡ್' ಪ್ರಯೋಗ, ಅಂದರೆ ಇಬ್ಬದಿಗೂ ಮರೆಯಾಗಿಟ್ಟ ಪ್ರಯೋಗ. ಭಾಗವಹಿಸುವವರನ್ನು ಒಂದು ಕೊಠಡಿಯಲ್ಲಿ ಕೂರಿಸಿ ಕೆಲವು ಸಲ ನಿಜವಾದ ಸಂಕೇತವನ್ನು, ಕೆಲವು ಸಲ ಹುಸಿ ಸಂಕೇತವನ್ನು (ಉಪಕರಣ ಇದ್ದರೂ ತರಂಗವಿಲ್ಲದ ಸ್ಥಿತಿ) ನೀಡಲಾಗುತ್ತದೆ. ಯಾವುದು ಯಾವಾಗ ಎಂಬುದು ಭಾಗವಹಿಸುವವರಿಗೂ ತಿಳಿದಿರುವುದಿಲ್ಲ, ಅವರೊಂದಿಗೆ ಮಾತನಾಡುವ ಸಂಶೋಧಕರಿಗೂ ತಿಳಿದಿರುವುದಿಲ್ಲ. ಸಂಶೋಧಕರ ಮುಖಭಾವದಿಂದಲೋ ಧ್ವನಿಯಿಂದಲೋ ಸುಳಿವು ಸಿಗಬಾರದೆಂಬುದೇ ಈ ಎಚ್ಚರಿಕೆಯ ಉದ್ದೇಶ. ತರಂಗವೇ ಕಾರಣವಾಗಿದ್ದರೆ ತೊಂದರೆಗಳು ನಿಜವಾದ ಸಂಕೇತದ ಅವಧಿಯಲ್ಲಿ ಹೆಚ್ಚಾಗಿ, ಹುಸಿ ಅವಧಿಯಲ್ಲಿ ಕಡಿಮೆಯಾಗಿ ಕಾಣಿಸಿಕೊಳ್ಳಬೇಕು.

ಲಂಡನ್, 2006

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಜೇಮ್ಸ್ ರೂಬಿನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮೊಬೈಲ್ ಬಳಸಿದ 20 ನಿಮಿಷಗಳೊಳಗೆ ತಲೆನೋವಿನಂಥ ಲಕ್ಷಣಗಳು ಆಗಾಗ ಬರುತ್ತವೆಂದು ಹೇಳಿದ 60 ಮಂದಿ, ಅಂಥ ದೂರಿಲ್ಲದ 60 ಮಂದಿ ಇದರಲ್ಲಿ ಭಾಗವಹಿಸಿದರು. ಪ್ರತಿಯೊಬ್ಬರೂ 900 ಮೆಗಾಹರ್ಟ್ಸ್‌ನ ಮೊಬೈಲ್ ಸಂಕೇತ, ಮಿಡಿತವಿಲ್ಲದ ತರಂಗ, ಹುಸಿ ಸಂಕೇತ ಎಂಬ ಮೂರು ಸ್ಥಿತಿಗಳಿಗೆ ತಲಾ 50 ನಿಮಿಷ ಒಡ್ಡಿಕೊಂಡರು.

ಸಂವೇದನೆಯುಳ್ಳವರೆಂದು ಹೇಳಿಕೊಂಡವರ ತಲೆನೋವು ಪ್ರಯೋಗದ ವೇಳೆ ಹೆಚ್ಚಾಯಿತು. ಆದರೆ ಅದು ಹುಸಿ ಸಂಕೇತಕ್ಕೂ ಅಷ್ಟೇ ಹೆಚ್ಚಾಯಿತು. ನಿಜವಾದ ಮೊಬೈಲ್ ಸಂಕೇತವಿದ್ದಾಗ ಅವರಲ್ಲಿ ಶೇಕಡಾ 60ರಷ್ಟು ಮಂದಿ ಸಂಕೇತವಿದೆಯೆಂದು ನಂಬಿದರು. ಏನೂ ಇಲ್ಲದಾಗಲೂ ಶೇಕಡಾ 63ರಷ್ಟು ಮಂದಿ ಹಾಗೆಯೇ ನಂಬಿದರು. ಹುಸಿ ಸಂಕೇತದ ವೇಳೆಯಲ್ಲಿಯೇ ಕೆಲವರ ತೊಂದರೆ ಎಷ್ಟು ತೀವ್ರವಾಯಿತೆಂದರೆ ಅವರು ಪ್ರಯೋಗದಿಂದಲೇ ಹಿಂದೆ ಸರಿದರು.

ಎಸೆಕ್ಸ್, 2007

ಫೋನಿನ ಬದಲು ಟವರ್‌ನ ಸಂಕೇತವನ್ನು ಪರೀಕ್ಷಿಸಿದ ಪ್ರಮುಖ ಅಧ್ಯಯನ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಮೊದಲ ಹಂತದಲ್ಲಿ ಸಂಕೇತ ಚಾಲನೆಯಲ್ಲಿದೆಯೆಂದು ಮುಂಚಿತವಾಗಿ ತಿಳಿಸಲಾಯಿತು. ಆಗ ಸಂವೇದನೆಯ ಗುಂಪಿನವರು ಹೆಚ್ಚಿನ ತೊಂದರೆಗಳನ್ನು ವರದಿ ಮಾಡಿದರು. ಎರಡನೆಯ ಹಂತವನ್ನು ಡಬಲ್ ಬ್ಲೈಂಡ್ ವಿಧಾನದಲ್ಲಿ ನಡೆಸಿದಾಗ, ತೊಂದರೆಗಳಿಗೂ ಸಂಕೇತದ ಇರುವಿಕೆಗೂ ನಂಟು ಕಾಣಲಿಲ್ಲ. 3ಜಿ ಸಂಕೇತದ ಸಂದರ್ಭದಲ್ಲಿ ಮಾತ್ರ ಸಂವೇದನೆಯ ಗುಂಪಿನಲ್ಲಿ ಉದ್ವೇಗ ತುಸು ಹೆಚ್ಚಾಗಿ ಕಂಡಿತು. ಆ ಗುಂಪಿನ ಹೆಚ್ಚು ಮಂದಿಗೆ ಆ ಸಂಕೇತವನ್ನೇ ಮೊದಲು ನೀಡಿದ್ದುದು ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ವಿವರಿಸಿದರು. ಸಂಕೇತವಿದೆಯೇ ಇಲ್ಲವೇ ಎಂದು ಹೇಳಬೇಕಾದ ಆರೂ ಪರೀಕ್ಷೆಗಳಲ್ಲಿ ಸರಿಯುತ್ತರ ಕೊಟ್ಟವರು ಸಂವೇದನೆಯ ಗುಂಪಿನ 44 ಮಂದಿಯಲ್ಲಿ 2, ಸಾಮಾನ್ಯ ಗುಂಪಿನ 114 ಮಂದಿಯಲ್ಲಿ 5. ಎರಡೂ ಗುಂಪುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿದೆ.

ನೆದರ್‌ಲೆಂಡ್ಸ್ ಮತ್ತು ಸ್ವಿಟ್ಜರ್ಲೆಂಡ್

ನೆದರ್‌ಲೆಂಡ್ಸ್‌ನಲ್ಲಿ 2003ರಲ್ಲಿ ನಡೆದ ಅಧ್ಯಯನವೊಂದು 3ಜಿ ಮಾದರಿಯ ಸಂಕೇತದಿಂದ ಜನರ ಸ್ವಾಸ್ಥ್ಯಭಾವನೆ ಕುಗ್ಗುತ್ತದೆಂದು ವರದಿ ಮಾಡಿ ಯೂರೋಪಿನಾದ್ಯಂತ ಸುದ್ದಿಯಾಯಿತು. ಒಂದು ಪ್ರಯೋಗದ ಫಲಿತಾಂಶವನ್ನು ಬೇರೆ ತಂಡ ಸ್ವತಂತ್ರವಾಗಿ ಮರಳಿ ಪಡೆಯಬೇಕೆಂಬುದು ವಿಜ್ಞಾನದ ನಿಯಮ. ಅದರಂತೆ ಸ್ವಿಟ್ಜರ್ಲೆಂಡಿನಲ್ಲಿ 33 ಮಂದಿ ಸಂವೇದನೆಯುಳ್ಳವರು ಮತ್ತು 84 ಮಂದಿ ಇತರರನ್ನು ಒಳಗೊಂಡು ಇದೇ ಪ್ರಯೋಗವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಲಾಯಿತು. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಡಚ್ ಅಧ್ಯಯನದ ಪರಿಣಾಮ ಕಾಣಿಸಲಿಲ್ಲ.

ನಾರ್ವೆ ಮತ್ತು ಸ್ವೀಡನ್

ನಾರ್ವೆಯ ಸಂಶೋಧಕರು 2007ರ ಅಧ್ಯಯನಕ್ಕೆ, ಸಂಕೇತವಿದೆಯೆಂದು ತಿಳಿದಿದ್ದ ಮೊದಲ ಪರೀಕ್ಷೆಯಲ್ಲಿ ನಿಜಕ್ಕೂ ತಲೆನೋವು ಅಥವಾ ಅಸ್ವಸ್ಥತೆ ಅನುಭವಿಸಿದ 17 ಮಂದಿಯನ್ನೇ ಆಯ್ದುಕೊಂಡರು. ಮರೆಮಾಡಿ ನಡೆಸಿದ 65 ಜೋಡಿ ಪರೀಕ್ಷೆಗಳಲ್ಲಿ ಸಂಕೇತದಿಂದ ನೋವು ಹೆಚ್ಚಿದ್ದಕ್ಕೆ ಆಧಾರ ದೊರೆಯಲಿಲ್ಲ. ನೋವಿನ ಸರಾಸರಿ ಏರಿಕೆ ನಿಜವಾದ ಸಂಕೇತಕ್ಕಿಂತ ಹುಸಿ ಸಂಕೇತದಲ್ಲಿಯೇ ತುಸು ಹೆಚ್ಚಾಗಿತ್ತು. ಆದರೆ ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ.

ಸ್ವೀಡನ್ನಿನಲ್ಲಿ 71 ಮಂದಿಯನ್ನು ಮೂರು ಗಂಟೆಗಳ ಕಾಲ ಸಂಕೇತಕ್ಕೆ ಒಡ್ಡಿದ 2008ರ ಅಧ್ಯಯನದ ಫಲಿತಾಂಶ ಭಿನ್ನವಾಗಿತ್ತು. ನಿಜವಾದ ಸಂಕೇತದ ನಂತರ ತಲೆನೋವಿನ ದೂರು ಹೆಚ್ಚಾಗಿತ್ತು. ಆದರೆ ಈ ಹೆಚ್ಚಳ ಮುಖ್ಯವಾಗಿ ಕಂಡುಬಂದದ್ದು ಸಂವೇದನೆಯ ದೂರೇ ಇಲ್ಲದವರ ಗುಂಪಿನಲ್ಲಿ. ಎರಡೂ ಗುಂಪಿನವರು ಸಂಕೇತದ ಇರುವಿಕೆಯನ್ನು ಆಕಸ್ಮಿಕ ಊಹೆಗಿಂತ ಚೆನ್ನಾಗಿ ಗುರುತಿಸಲಿಲ್ಲ.

ಒಟ್ಟು ವಿಮರ್ಶೆಗಳು

2005ರಲ್ಲಿ ರೂಬಿನ್, ದಾಸ್ ಮುನ್ಶಿ ಮತ್ತು ಸೈಮನ್ ವೆಸ್ಲಿ ಅವರು 725 ಮಂದಿ ಸಂವೇದನೆಯುಳ್ಳವರನ್ನು ಒಳಗೊಂಡ 31 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದರು. 24 ಪ್ರಯೋಗಗಳಲ್ಲಿ ಯಾವ ಆಧಾರವೂ ಇರಲಿಲ್ಲ. ಉಳಿದ 7ರ ಪೈಕಿ 2ನ್ನು ಅದೇ ಸಂಶೋಧಕರೇ ಮತ್ತೆ ಮಾಡಿದಾಗ ಫಲಿತಾಂಶ ಮರಳಲಿಲ್ಲ; 3 ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯ ದೋಷದಿಂದ ಹುಟ್ಟಿದವೆಂದು ತೋರಿತು; ಕೊನೆಯ 2ರ ಫಲಿತಾಂಶಗಳು ಒಂದಕ್ಕೊಂದು ವಿರುದ್ಧವಾಗಿದ್ದವು. 2010ರಲ್ಲಿ ಇನ್ನೂ 15 ಪ್ರಯೋಗಗಳನ್ನು ಸೇರಿಸಿ ವಿಮರ್ಶೆಯನ್ನು ವಿಸ್ತರಿಸಲಾಯಿತು. ಒಟ್ಟು 46 ಪ್ರಯೋಗಗಳು ಮತ್ತು 1175 ಮಂದಿಯನ್ನು ಪರಿಗಣಿಸಿದ ಬಳಿಕವೂ ತೀರ್ಮಾನ ಬದಲಾಗಲಿಲ್ಲ.

ನೊಸಿಬೊ ಪರಿಣಾಮ

ಸಕ್ಕರೆಯ ಗುಳಿಗೆಯನ್ನೇ ಔಷಧವೆಂದು ನಂಬಿ ಸೇವಿಸಿದವರಿಗೆ ಗುಣ ಕಾಣುವುದನ್ನು ಪ್ಲಸೀಬೊ ಪರಿಣಾಮವೆನ್ನುತ್ತಾರೆ. ಅದರ ವಿರುದ್ಧ ರೂಪ ನೊಸಿಬೊ: ಹಾನಿಯಾಗುವುದೆಂಬ ನಿರೀಕ್ಷೆಯಿಂದಲೇ ನಿಜವಾದ ತೊಂದರೆ ಕಾಣಿಸಿಕೊಳ್ಳುವುದು. ಇದನ್ನು ನಟನೆಯೆಂದಾಗಲಿ ಸುಳ್ಳೆಂದಾಗಲಿ ತಿಳಿಯುವುದು ತಪ್ಪು. ನಿರೀಕ್ಷೆ ಮತ್ತು ಆತಂಕಗಳಿಂದ ಸ್ನಾಯುಗಳು ಬಿಗಿಯಾಗುತ್ತವೆ, ಎದೆಬಡಿತ ಏರುತ್ತದೆ, ನಿದ್ರೆ ಕೆಡುತ್ತದೆ, ದೇಹದ ಸಣ್ಣಪುಟ್ಟ ಸಂವೇದನೆಗಳ ಕಡೆಗೆ ಗಮನ ಹರಿಯುತ್ತದೆ. ಹೀಗೆ ಹುಟ್ಟಿದ ನೋವು ನೋವೇ.

ಜರ್ಮನಿಯ ಮಿಖಾಯೆಲ್ ವಿಟ್‌ಹೋಫ್ಟ್ ಮತ್ತು ಜೇಮ್ಸ್ ರೂಬಿನ್ 2013ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸಂಗತಿಯನ್ನು ನೇರವಾಗಿ ಪರೀಕ್ಷಿಸಿತು. 147 ಮಂದಿಯಲ್ಲಿ ಒಂದು ಗುಂಪಿಗೆ ವೈ-ಫೈ ಹಾನಿಯ ಕುರಿತ ದೂರದರ್ಶನ ವರದಿಯನ್ನು, ಇನ್ನೊಂದು ಗುಂಪಿಗೆ ಅಂತರಜಾಲದ ದತ್ತಾಂಶ ಸುರಕ್ಷತೆಯ ವರದಿಯನ್ನು ತೋರಿಸಲಾಯಿತು. ನಂತರ ಎಲ್ಲರಿಗೂ 15 ನಿಮಿಷ ವೈ-ಫೈ ಸಂಕೇತ ನೀಡುತ್ತಿರುವುದಾಗಿ ಹೇಳಲಾಯಿತು; ವಾಸ್ತವದಲ್ಲಿ ಸಂಕೇತವೇ ಇರಲಿಲ್ಲ. ಶೇಕಡಾ 54ರಷ್ಟು ಮಂದಿ ಆ ಇಲ್ಲದ ಸಂಕೇತದಿಂದ ತಮಗೆ ತೊಂದರೆಯಾಯಿತೆಂದು ತಿಳಿಸಿದರು. ಹಾನಿಯ ವರದಿಯನ್ನು ನೋಡಿದವರ ಪೈಕಿ, ಮೊದಲೇ ಹೆಚ್ಚು ಆತಂಕದ ಸ್ವಭಾವವಿದ್ದವರಲ್ಲಿ ಪರಿಣಾಮ ಹೆಚ್ಚಾಗಿತ್ತು. ಭೀತಿ ಹುಟ್ಟಿಸುವ ಸುದ್ದಿಯೇ ತೊಂದರೆಯನ್ನು ಬೆಳೆಸಬಲ್ಲದೆಂಬುದು ಈ ಅಧ್ಯಯನದ ಸೂಚನೆ.

ಆಕ್ಷೇಪಗಳು ಮತ್ತು ಮಿತಿಗಳು

ಪ್ರಯೋಗಗಳ ಕುರಿತು ತೊಂದರೆಗೊಳಗಾದವರು ಹಾಗೂ ಕೆಲವು ಸಂಶೋಧಕರು ಹಲವು ಆಕ್ಷೇಪಗಳನ್ನು ಎತ್ತಿದ್ದಾರೆ.

ಪ್ರಯೋಗಶಾಲೆಯ ಅಪರಿಚಿತ ವಾತಾವರಣವೇ ಒತ್ತಡ ಉಂಟುಮಾಡುತ್ತದೆ, ಪ್ರತಿಯೊಬ್ಬರೂ ಬೇರೆ ಬೇರೆ ಆವರ್ತನಕ್ಕೆ ಪ್ರತಿಕ್ರಿಯಿಸಬಹುದು ಎಂಬುದು ಒಂದು ಆಕ್ಷೇಪ. ಇದಕ್ಕೆ ಉತ್ತರವಾಗಿ ನೆದರ್‌ಲೆಂಡ್ಸ್‌ನ ಸಂಶೋಧಕರು 42 ಮಂದಿಯನ್ನು ಅವರವರ ಮನೆಯಲ್ಲಿ ಅಥವಾ ಅವರಿಗೆ ನೆಮ್ಮದಿಯೆನಿಸುವ ಸ್ಥಳದಲ್ಲಿ, ಅವರೇ ಆರಿಸಿದ ಬಗೆಯ ಸಂಕೇತದಿಂದ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿಯೂ ಯಾರೊಬ್ಬರೂ ಸಂಕೇತವನ್ನು ಆಕಸ್ಮಿಕ ಊಹೆಗಿಂತ ಚೆನ್ನಾಗಿ ಗುರುತಿಸಲಿಲ್ಲ.

ಪ್ರಯೋಗಗಳು ನಿಮಿಷ ಅಥವಾ ಗಂಟೆಗಳ ಅವಧಿಯವು, ತಿಂಗಳುಗಟ್ಟಲೆಯ ಒಡ್ಡಿಕೆಯನ್ನು ಅವು ಅಳೆಯುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದು ಸರಿಯಾದ ಮಿತಿಯೇ. ಆದರೆ ಫೋನ್ ಹಿಡಿದ ಕೆಲವೇ ನಿಮಿಷಗಳಲ್ಲಿ ತೊಂದರೆಯಾಗುತ್ತದೆಂದು ಹೇಳುವವರ ವಿಷಯದಲ್ಲಿ ಅಲ್ಪಾವಧಿಯ ಪ್ರಯೋಗವೇ ಸೂಕ್ತ ಪರೀಕ್ಷೆಯಾಗುತ್ತದೆ.

ನೊಸಿಬೊ ವಿವರಣೆಗೂ ಪ್ರಶ್ನೆಗಳಿವೆ. ಫ್ರಾನ್ಸಿನ ಸಂಶೋಧಕ ಮೇಲ್ ಡ್ಯೂಡೊನೆ ಅವರು ಅತಿಸಂವೇದನೆಯುಳ್ಳ 40 ಮಂದಿಯೊಂದಿಗೆ ನಡೆಸಿದ ಸಂದರ್ಶನಗಳಲ್ಲಿ (2016), ಬಹುತೇಕರಿಗೆ ಮೊದಲು ಬಂದದ್ದು ತೊಂದರೆ, ಅದು ವಿದ್ಯುತ್ಕಾಂತೀಯ ಕ್ಷೇತ್ರದಿಂದ ಎಂಬ ನಂಬಿಕೆ ನಂತರ ಮೂಡಿತು ಎಂದು ಕಂಡುಕೊಂಡರು. ಹಾಗಿದ್ದಲ್ಲಿ ನಂಬಿಕೆಯೊಂದೇ ಆ ಮೊದಲ ತೊಂದರೆಯನ್ನು ಹುಟ್ಟಿಸಿರಲಾರದು. ಬಹಳ ಕಾಲ ಕಾರಣ ತಿಳಿಯದೆ ನರಳಿದವರು ಕೊನೆಗೆ ಒಂದು ಕಾರಣವನ್ನು ಕಂಡುಕೊಳ್ಳುತ್ತಾರೆ. ಆ ಬಳಿಕ ನಿರೀಕ್ಷೆಯು ತೊಂದರೆಯನ್ನು ಉಳಿಸಿ ಬೆಳೆಸಬಹುದು. ಸಂಕೇತ ಕಾರಣವಲ್ಲವೆಂದು ತೋರಿಸಿದ ಮಾತ್ರಕ್ಕೆ ಮೂಲ ತೊಂದರೆಯ ಕಾರಣ ತಿಳಿದಂತಾಗುವುದಿಲ್ಲ.

ಈ ವಿಷಯವನ್ನು ಕ್ಯಾನ್ಸರ್ ಕುರಿತ ಚರ್ಚೆಯೊಂದಿಗೆ ಬೆರೆಸಬಾರದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ ತಿಂಗಳಲ್ಲಿ ರೇಡಿಯೊ ಆವರ್ತನದ ಕ್ಷೇತ್ರಗಳನ್ನು '2ಬಿ' ಗುಂಪಿಗೆ, ಎಂದರೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವುಗಳ ಗುಂಪಿಗೆ ಸೇರಿಸಿತು. ಆ ಪ್ರಶ್ನೆ ದೀರ್ಘಾವಧಿಯ ಬಳಕೆಗೆ ಸಂಬಂಧಿಸಿದುದು. ತಕ್ಷಣ ಕಾಣಿಸಿಕೊಳ್ಳುವ ತಲೆನೋವು, ಉರಿಗಳಿಗೆ ಸಂಬಂಧಿಸಿದುದಲ್ಲ.

ಚಿಕಿತ್ಸೆ ಮತ್ತು ನಿರ್ವಹಣೆ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಚಿಕಿತ್ಸೆಯು ವ್ಯಕ್ತಿಯ ಲಕ್ಷಣಗಳನ್ನು ಗಮನಿಸಬೇಕೇ ಹೊರತು, ಕ್ಷೇತ್ರಗಳನ್ನು ತೆಗೆದುಹಾಕಬೇಕೆಂಬ ಅವರ ಭಾವನೆಯನ್ನಲ್ಲ. ಇದಕ್ಕೆ ಮೂರು ಹಂತಗಳಿವೆ: ಲಕ್ಷಣಗಳಿಗೆ ಕಾರಣವಾಗಿರಬಹುದಾದ ಬೇರೆ ರೋಗಗಳನ್ನು ಪತ್ತೆಹಚ್ಚುವ ವೈದ್ಯಕೀಯ ತಪಾಸಣೆ, ಆತಂಕ, ಖಿನ್ನತೆ ಮುಂತಾದವನ್ನು ಗುರುತಿಸುವ ಮಾನಸಿಕ ಪರಿಶೀಲನೆ, ಮನೆ ಮತ್ತು ಕೆಲಸದ ಸ್ಥಳದ ಪರಿಶೀಲನೆ. ಕೊನೆಯದರಲ್ಲಿ ಗಾಳಿಯ ಮಾಲಿನ್ಯ, ಅತಿಯಾದ ಸದ್ದು, ಮಿನುಗುವ ದೀಪ, ಕೂರುವ ಭಂಗಿ ಮುಂತಾದವನ್ನು ನೋಡಬೇಕಾಗುತ್ತದೆ.

ಚಿಕಿತ್ಸೆಗಳ ಕುರಿತ 2006ರ ವಿಮರ್ಶೆಯೊಂದು 9 ಅಧ್ಯಯನಗಳನ್ನು ಪರಿಶೀಲಿಸಿ, ಅರಿವಿನ ವರ್ತನಾ ಚಿಕಿತ್ಸೆಗೆ ಇತರ ವಿಧಾನಗಳಿಗಿಂತ ಹೆಚ್ಚಿನ ಆಧಾರವಿದೆಯೆಂದು ಕಂಡುಕೊಂಡಿತು. ಇದು ತೊಂದರೆ, ಅದರ ಬಗೆಗಿನ ಆಲೋಚನೆ ಮತ್ತು ನಡವಳಿಕೆಗಳ ನಡುವಿನ ಸರಪಳಿಯನ್ನು ಕ್ರಮೇಣ ಸಡಿಲಿಸುವ ಆಪ್ತಸಮಾಲೋಚನೆಯ ವಿಧಾನ.

ಕಾರಣವನ್ನು ತಪ್ಪಾಗಿ ಗ್ರಹಿಸುವುದರಿಂದ ಎರಡು ಬಗೆಯ ನಷ್ಟವಿದೆ. ಮೊದಲನೆಯದು, ಚಿಕಿತ್ಸೆಯಿಂದ ಗುಣವಾಗಬಲ್ಲ ರೋಗ ಪತ್ತೆಯಾಗದೆ ಉಳಿಯುವುದು. ಎರಡನೆಯದು, ಸಂಕೇತದಿಂದ ದೂರವಿರುವ ಪ್ರಯತ್ನದಲ್ಲಿ ವ್ಯಕ್ತಿಯು ಉದ್ಯೋಗ, ನೆಂಟರಿಷ್ಟರು, ಸಮಾಜ ಎಲ್ಲವನ್ನೂ ತೊರೆದು ಒಂಟಿಯಾಗುವುದು. ಅಮೆರಿಕದ ಪಶ್ಚಿಮ ವರ್ಜೀನಿಯದ ಗ್ರೀನ್ ಬ್ಯಾಂಕ್ ಎಂಬ ಊರಿನಲ್ಲಿ ರೇಡಿಯೊ ದೂರದರ್ಶಕಕ್ಕಾಗಿ 1958ರಿಂದ ರೇಡಿಯೊ ಪ್ರಸಾರಕ್ಕೆ ನಿರ್ಬಂಧವಿದೆ. ತಮಗೆ ಅತಿಸಂವೇದನೆಯಿದೆಯೆಂದು ನಂಬಿದ ಹಲವರು ತಮ್ಮ ಊರುಗಳನ್ನು ಬಿಟ್ಟು ಅಲ್ಲಿ ನೆಲೆಸಿದ್ದಾರೆ. ತರಂಗಗಳನ್ನು 'ಹೀರಿಕೊಳ್ಳುವ' ಚಿಪ್ಪು, ಅಂಟುಪಟ್ಟಿ, ತಾಯಿತದಂಥ ವಸ್ತುಗಳ ಮಾರಾಟವೂ ಇಂಥ ಭೀತಿಯನ್ನು ಬಳಸಿಕೊಳ್ಳುತ್ತದೆ.

ಭಾರತದಲ್ಲಿ

ಸುರಕ್ಷತಾ ಮಿತಿಗಳು

ಭಾರತವು 2008ರಲ್ಲಿ ಅಂತಾರಾಷ್ಟ್ರೀಯ ಅಯಾನೀಕರಿಸದ ವಿಕಿರಣ ರಕ್ಷಣಾ ಆಯೋಗದ ಮಿತಿಗಳನ್ನು ಅಳವಡಿಸಿಕೊಂಡಿತು. 2010ರ ಆಗಸ್ಟ್‌ನಲ್ಲಿ ರಚಿತವಾದ ಅಂತರ್‌ಸಚಿವಾಲಯ ಸಮಿತಿಯು ಈ ಮಿತಿಗಳನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುವಂತೆ ಶಿಫಾರಸು ಮಾಡಿತು. 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮಿತಿಯ ಪ್ರಕಾರ ಟವರ್‌ನ ಸಂಕೇತದ ತೀವ್ರತೆಯು ಸಾರ್ವಜನಿಕರಿರುವ ಸ್ಥಳದಲ್ಲಿ 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 0.45 ವ್ಯಾಟ್, 1800 ಮೆಗಾಹರ್ಟ್ಸ್‌ಗೆ 0.9 ವ್ಯಾಟ್ ಮೀರಬಾರದು. ಅಂತಾರಾಷ್ಟ್ರೀಯ ಮಿತಿಗಳು ಕ್ರಮವಾಗಿ 4.5 ಮತ್ತು 9 ವ್ಯಾಟ್. ಅದೇ ದಿನದಿಂದ ಫೋನ್‌ಗಳಿಗೂ ಮಿತಿ ಬಿಗಿಯಾಯಿತು: ದೇಹವು ಹೀರಿಕೊಳ್ಳುವ ಶಕ್ತಿಯು 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಪ್ರತಿ ಕಿಲೋಗ್ರಾಮಿಗೆ 1.6 ವ್ಯಾಟ್ ದಾಟುವಂತಿಲ್ಲ.

ಈ ಕಡಿತ ಮುನ್ನೆಚ್ಚರಿಕೆಯ ಕ್ರಮ. ಅತಿಸಂವೇದನೆಯನ್ನು ಸರ್ಕಾರ ರೋಗವೆಂದು ಒಪ್ಪಿಕೊಂಡಿದೆಯೆಂದು ಇದರಿಂದ ಅರ್ಥೈಸುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಇದು ಸೇರಿಲ್ಲ.

ನ್ಯಾಯಾಲಯಗಳಲ್ಲಿ

ಟವರ್‌ಗಳ ವಿರುದ್ಧದ ಭಾರತೀಯ ಮೊಕದ್ದಮೆಗಳು ಬಹುಮಟ್ಟಿಗೆ ಕ್ಯಾನ್ಸರ್ ಮತ್ತು ಸಾಮಾನ್ಯ ಆರೋಗ್ಯದ ಭೀತಿಯನ್ನು ಕುರಿತವು. 2012ರಲ್ಲಿ ರಾಜಸ್ಥಾನ ಹೈಕೋರ್ಟ್ ಶಾಲೆ, ಆಸ್ಪತ್ರೆಗಳ ಬಳಿಯ ಟವರ್‌ಗಳನ್ನು ತೆಗೆಯುವಂತೆ ಆದೇಶಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಗ್ವಾಲಿಯರ್‌ನ ಕ್ಯಾನ್ಸರ್ ರೋಗಿಯೊಬ್ಬರ ಅರ್ಜಿಯ ಮೇರೆಗೆ ಟವರ್ ಒಂದನ್ನು ಸ್ಥಗಿತಗೊಳಿಸುವಂತೆ ಸೂಚಿಸಿತು. ಕನ್ನಡಿಗರಿಗೆ 'ಪ್ರೇಮಲೋಕ' ಚಿತ್ರದ ನಾಯಕಿಯಾಗಿ ಪರಿಚಿತರಾದ ನಟಿ ಜೂಹಿ ಚಾವ್ಲಾ ಮತ್ತು ಇತರರು 5ಜಿ ಸೇವೆಯ ವಿರುದ್ಧ ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟ್ 2021ರ ಜೂನ್‌ನಲ್ಲಿ 20 ಲಕ್ಷ ರೂಪಾಯಿ ವೆಚ್ಚ ವಿಧಿಸಿ ವಜಾಗೊಳಿಸಿತು. 2022ರ ಜನವರಿಯಲ್ಲಿ ವಿಭಾಗೀಯ ಪೀಠವು ವೆಚ್ಚವನ್ನು 2 ಲಕ್ಷಕ್ಕೆ ಇಳಿಸಿತು.

ಕರ್ನಾಟಕದ ಗ್ರಾಮೀಣ ಸನ್ನಿವೇಶ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ತಡಸದಂಥ ಊರುಗಳಲ್ಲಿ ಟವರ್ ಎಲ್ಲರ ಕಣ್ಣಿಗೆ ಬೀಳುವ ವಸ್ತು. ಅದರ ಸಂಕೇತ ಮಾತ್ರ ಕಣ್ಣಿಗೆ ಕಾಣದ್ದು. ಕಾಣದ್ದನ್ನು ಅಳೆದು ತಿಳಿಯುವ ವ್ಯವಸ್ಥೆಯಿದೆ. ಕೇಂದ್ರ ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ ಆರಂಭಿಸಿದ 'ತರಂಗ ಸಂಚಾರ' ಜಾಲತಾಣದಲ್ಲಿ ಯಾವುದೇ ಪ್ರದೇಶದ ಟವರ್‌ಗಳ ವಿವರ ಹಾಗೂ ಅವು ಮಿತಿಯೊಳಗಿವೆಯೇ ಎಂಬ ಮಾಹಿತಿಯನ್ನು ನೋಡಬಹುದು. ಶುಲ್ಕ ತುಂಬಿ ನಿರ್ದಿಷ್ಟ ಸ್ಥಳದಲ್ಲಿ ಅಳತೆ ಮಾಡಿಸಬಹುದು. ಮಿತಿ ಮೀರಿದ ಟವರ್‌ಗಳ ಸಂಸ್ಥೆಗೆ ದಂಡ ವಿಧಿಸಲು ಅವಕಾಶವಿದೆ. ಟವರ್‌ಗಳ ಕುರಿತ ಸಾರ್ವಜನಿಕರ ದೂರುಗಳನ್ನು ಆಲಿಸಲು ಜಿಲ್ಲಾ ಮಟ್ಟದ ದೂರಸಂಪರ್ಕ ಸಮಿತಿಗಳನ್ನು ರಚಿಸುವಂತೆ ಇಲಾಖೆಯು 2013ರಲ್ಲಿ ರಾಜ್ಯಗಳಿಗೆ ಸಲಹೆ ನೀಡಿದೆ.

ಅಳತೆಯಷ್ಟೇ ತಪಾಸಣೆಯೂ ಮುಖ್ಯ. ಮೆಣಸಿನಕಾಯಿ, ಹತ್ತಿ, ಗೋವಿನಜೋಳ ಬೆಳೆಯುವ ಹಾವೇರಿ ಜಿಲ್ಲೆಯಂಥ ಪ್ರದೇಶದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆಗಳಿಗೆ ಕೀಟನಾಶಕದ ಸಿಂಪಡಣೆ, ಬಿಸಿಲಿನಲ್ಲಿ ನಿರ್ಜಲತೆ, ಸೌದೆ ಒಲೆಯ ಹೊಗೆ, ರಕ್ತಹೀನತೆ ಮುಂತಾದ ಪರಿಚಿತ ಕಾರಣಗಳಿರಬಹುದು. ಟವರ್‌ನತ್ತ ಬೆರಳು ತೋರಿಸಿದಾಗ ಇವು ಮರೆಯಾಗುವ ಅಪಾಯವಿದೆ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ (ಹಿಂದಿನ ಕಿಮ್ಸ್) ಮತ್ತು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಈ ಭಾಗದ ಪ್ರಮುಖ ಸರ್ಕಾರಿ ಚಿಕಿತ್ಸಾ ಕೇಂದ್ರಗಳು. ಆತಂಕ, ನಿದ್ರಾಹೀನತೆಗಳಿಗೆ ದೂರವಾಣಿಯ ಮೂಲಕವೇ ಉಚಿತ ಸಮಾಲೋಚನೆ ನೀಡುವ ಟೆಲಿ-ಮಾನಸ್ ಸೇವೆ (14416) 2022ರ ಅಕ್ಟೋಬರ್ 10ರಂದು ಆರಂಭವಾಯಿತು; ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ.

ಇತರ ದೇಶಗಳ ಕಾನೂನು

ಸ್ವೀಡನ್ನಿನಲ್ಲಿ ಇದನ್ನು ರೋಗವೆಂದು ಪರಿಗಣಿಸದೆ ಕಾರ್ಯನಿರ್ವಹಣೆಯ ನ್ಯೂನತೆಯೆಂದು ನೋಡಲಾಗುತ್ತದೆ. ಕಾರಣದ ಪ್ರಶ್ನೆಯನ್ನು ಬದಿಗಿರಿಸಿ ವ್ಯಕ್ತಿಯ ಅಗತ್ಯಕ್ಕೆ ಸ್ಪಂದಿಸುವ ದೃಷ್ಟಿ ಇದು. ಫ್ರಾನ್ಸಿನಲ್ಲಿ 2015ರ ಜನವರಿಯ ಕಾಯ್ದೆಯೊಂದು ಮೂರು ವರ್ಷದೊಳಗಿನ ಮಕ್ಕಳ ಪಾಲನಾ ಕೇಂದ್ರಗಳಲ್ಲಿ ಮಕ್ಕಳಿರುವ ಜಾಗಗಳಲ್ಲಿ ವೈ-ಫೈಯನ್ನು ನಿಷೇಧಿಸಿತು. ಅತಿಸಂವೇದನೆಯ ಕುರಿತು ವರದಿ ಸಲ್ಲಿಸುವಂತೆ ಸರ್ಕಾರಕ್ಕೆ ಸೂಚಿಸಿತು. ಅದೇ ವರ್ಷ ತೂಲೂಸ್ ನಗರದ ನ್ಯಾಯಮಂಡಳಿಯು ಮಹಿಳೆಯೊಬ್ಬರಿಗೆ ಅಂಗವೈಕಲ್ಯ ಭತ್ಯೆ ಮಂಜೂರು ಮಾಡಿತು. ಆಕೆಯ ದೈನಂದಿನ ಬದುಕಿಗೆ ಒದಗಿದ ತೊಡಕನ್ನು ಒಪ್ಪಿಕೊಂಡ ಈ ತೀರ್ಪು ಸಂಕೇತವೇ ಕಾರಣವೆಂಬ ವೈಜ್ಞಾನಿಕ ತೀರ್ಮಾನವಲ್ಲ.

ಇವನ್ನೂ ನೋಡಿ

ವಿದ್ಯುತ್ಕಾಂತೀಯ ವಿಕಿರಣ
ಮೊಬೈಲ್ ಫೋನ್
ಪ್ಲಸೀಬೊ
ಅರೆತಲೆನೋವು
ನಿಮ್ಹಾನ್ಸ್